ಬೆಂಚಿನಿಂದ ನಲ್ಲಿಯವರೆಗೆ

ಶ್ರೀ ಮಹದೇಶ್ವರ ಪ್ರಸನ್ನ

ಕೊಳ್ಳೇಗಾಲ
ಬುಧವಾರ, 12-11-2025

ನನ್ನ ರಂಜನಿಗೆ,

ನಿನ್ನ ಅವ್ವ ಮನಸಾರೆ ಹರಸಿ ಬರೆಯುವುದು. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಉಂಡುಕೊಂಡು ಚೆನ್ನಾಗಿದ್ದೀಯ ಎಂದು ನಿಮ್ಮಪ್ಪನ ಫೋನಿನ ಮಾತಿನಿಂದ ತಿಳಿದುಕೊಳ್ಳುತ್ತಿದ್ದೇನೆ. ನೀನು ಯಳಂದೂರಿನಲ್ಲಿ ರೂಮು ಮಾಡಿ ನಾಲ್ಕು ತಿಂಗಳಾಯಿತು. ಈ ಕಾಗದವನ್ನು ಮೊದಲನೇ ವಾರವೇ ಬರೆಯಬೇಕಿತ್ತು. ಮೂರು ಸಲ ಬರೆದು ಹರಿದು ಹಾಕಿದೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ತೂಕ, ಎತ್ತರ ಎಲ್ಲ ತಪ್ಪಿಲ್ಲದೆ ಬರೆದವಳಿಗೆ ಸ್ವಂತ ಮಗಳಿಗೆ ನಾಲ್ಕು ಸಾಲು ಬರೆಯಲು ಕೈ ಬರಲಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾನು ಫೋನ್ ಮಾಡಿದರೆ "ಡ್ಯೂಟಿಲಿದ್ದೀನಿ ಅವ್ವ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಕಟ್ ಮಾಡಲು ಆಗುವುದಿಲ್ಲ, ಅದಕ್ಕೇ ಇದು. ನಿಮ್ಮಪ್ಪ ಅಂಗಡಿಗೆ ಹೊರಡುವಾಗ ನನ್ನ ಕೈಯಲ್ಲಿ ಪೆನ್ನು ನೋಡಿ, "ಬರಿ. ಆದ್ರೆ ಬುದ್ಧಿ ಏಳಕ್ ಓಗ್ಬ್ಯಾಡ" ಎಂದರು. ಗೊಬ್ಬರದ ಅಂಗಡಿಯಲ್ಲಿ ಕೂತು ದಿನವೆಲ್ಲ ರೈತರಿಗೆ ಬುದ್ಧಿ ಹೇಳುವವರು ಅವರು.

ಮೊದಲು ಅವಸರದ ವಿಷಯ ಹೇಳಿಬಿಡುತ್ತೇನೆ. ನಿನ್ನ ಪುಟ್ಟಬಸಪ್ಪ ಮಾವ ಮತ್ತೊಂದು ಸಂಬಂಧ ತಂದಿದ್ದಾನೆ. ಸತ್ತೇಗಾಲದವರು. ಗದ್ದೆ, ಕಬ್ಬು, ತೆಂಗು ಎಲ್ಲ ಇದೆಯಂತೆ. ಇದೇ ಭಾನುವಾರ ಹನ್ನೊಂದು ಗಂಟೆಗೆ ಪಾರ್ಕಿನಲ್ಲಿ ಹುಡುಗಿ ನೋಡುವುದೆಂದು ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದಿದ್ದಾನೆ. "ಅವಳು ಬರಾಕಿಲ್ಲ ಕಣ್ಲಾ" ಎಂದೆ. "ನಿಂಗೆ ಸುಗರ್ ಏರಿ ಬಿದ್ಬುಟ್ಟಿದ್ದೀಯ ಅಂತ ನಾನ್ ಫೋನ್ ಮಾಡ್ತೀನಿ ಕಣಕ್ಕ, ಓಡ್ ಬತ್ತಾಳೆ. ಬಂದೇಟ್ಗೆ ಸೀರೆ ಉಡ್ಸಿ ಕೂರುಸ್ಬುಡು. ಸಾವ್ರ ಸುಳ್ ಏಳಿ ಒಂದ್ ಮದ್ವೆ ಮಾಡು ಅಂತ ದೊಡ್ಡೋರೇ ಅಂದವ್ರೆ" ಎಂದ. ಆ ಸಾವಿರದಲ್ಲಿ ನನ್ನ ಪಾಲಿನದನ್ನು ಒಂಬತ್ತು ಸಲದಲ್ಲಿ ಹೇಳಿ ಮುಗಿಸಿದ್ದೇನೆ, ಇನ್ನು ನನ್ನ ಹತ್ತಿರ ಒಂದೂ ಉಳಿದಿಲ್ಲ ಎಂದೆ. ಅವನು ಕೇಳುವ ಆಸಾಮಿಯಲ್ಲ. ಆದ್ದರಿಂದ ಶನಿವಾರವೋ ಭಾನುವಾರವೋ ಮಾವ ಫೋನ್ ಮಾಡಿ ಅವ್ವ ಬಿದ್ದುಬಿಟ್ಟಳು ಎಂದರೆ ನಂಬಬೇಡ, ಬರಬೇಡ. ನಿಮ್ಮಪ್ಪನಿಗೂ ಹೇಳಿಟ್ಟಿದ್ದೇನೆ. ನಾನು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದೇನೆ. ದಿನಾ ಬೆಳಿಗ್ಗೆ ಎಂಟು ಸುತ್ತು ನಡೆಯುತ್ತೇನೆ, ಅದೂ ಅದೇ ಪಾರ್ಕಿನಲ್ಲಿ.

ನಗಬೇಡ. ನಡೆಯದಿದ್ದರೆ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದರು. ಮೊದಲನೇ ದಿನ ಗೇಟಿನೊಳಗೆ ಕಾಲಿಡಲು ಆಗದೆ ಹೊರಗೆ ಎಳನೀರಿನವನ ಪಕ್ಕ ಕಾಲು ಗಂಟೆ ಸುಮ್ಮನೆ ನಿಂತಿದ್ದೆ. ಒಳಗೆ ಹೋದ ಮೇಲೆ ಆಶ್ಚರ್ಯವಾಯಿತು. ನಿನ್ನನ್ನು ಕರೆದುಕೊಂಡು ಒಂಬತ್ತು ಸಲ ಬಂದಿದ್ದರೂ ನಾನು ಆ ಪಾರ್ಕನ್ನೇ ನೋಡಿರಲಿಲ್ಲ. ಹೊಂಗೆ ಮರದ ಕೆಳಗಿನ ಕಲ್ಲುಬೆಂಚು, ಎದುರಿಗೆ ಗೇಟು, ಗೇಟಿನಲ್ಲಿ ಯಾರು ಬಂದರು ಎನ್ನುವುದು, ಇಷ್ಟೇ ನನಗೆ ಗೊತ್ತಿದ್ದದ್ದು.

ಎಷ್ಟು ಬಗೆಯ ಜನ ಅಂತೀಯ! ಬೆಳಿಗ್ಗೆ ಆರಕ್ಕೆ ರಿಟೈರಾದ ಗೋವಿಂದಯ್ಯ ಮೇಷ್ಟ್ರು ಒಂದು ಗುಂಪು ಕಟ್ಟಿಕೊಂಡು ಬಂದು ಕೈ ಮೇಲೆತ್ತಿ ಹೋ ಎಂದು ನಗುತ್ತಾರೆ. ನಗು ಬರಲಿ ಬಿಡಲಿ, ಆರೋಗ್ಯಕ್ಕೆ ನಗಬೇಕಂತೆ. ಅವರದು ಇನ್ನೊಂದು ಕಾನೂನಿದೆ. ಎಲ್ಲರೂ ಬಲಕ್ಕೇ ಸುತ್ತಬೇಕು, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ. ನಾನು ಎಡಕ್ಕೆ ಹೊರಟರೆ, "ಚನ್ನಾಜಮ್ಮ, ಅದು ಅಪ್ರದಕ್ಷಿಣೆ ಕಣಮ್ಮ" ಎಂದು ತಡೆದರು. "ನಡುವೆ ಯಾವ್ ದೇವ್ರೂ ಇಲ್ಲ ಸಾ, ಜಾರುಬಂಡೆ ಅದೆ. ನಂಗೆ ಎದ್ರುಗ್ ಬರೋರ್ ಮೊಕ ನೋಡ್ಬೇಕು" ಎಂದೆ. ಈಗ ಎದುರಿಗೆ ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಾರೆ. ಎಂಟರ ಮೇಲೆ ಓದುವ ಹುಡುಗಿಯರು ಬರುತ್ತಾರೆ, ಮರಕ್ಕೊಬ್ಬರಂತೆ ಒರಗಿ ಯಾವುದೋ ಪರೀಕ್ಷೆಗೆ ತುಟಿ ಅಲ್ಲಾಡಿಸುತ್ತಿರುತ್ತಾರೆ. ಹತ್ತಾದರೆ ಹನೂರು ಕಡೆಯಿಂದ ಆಸ್ಪತ್ರೆಗೆ, ಆಫೀಸಿಗೆ ಬಂದ ಹೆಂಗಸರು ಬುತ್ತಿ ಬಿಚ್ಚುತ್ತಾರೆ. ಅದರಲ್ಲಿ ಕೆಲವರು ಕನ್ನಡದಲ್ಲಿ ಶುರು ಮಾಡಿದ ಜಗಳವನ್ನು ತಮಿಳಿನಲ್ಲಿ ಮುಗಿಸುತ್ತಾರೆ. ಅಮಾವಾಸ್ಯೆ ಹತ್ತಿರ ಬಂತಲ್ಲ, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಗಂಟನ್ನೇ ತಲೆದಿಂಬು ಮಾಡಿಕೊಂಡು, ಬೊಬ್ಬೆ ಎದ್ದ ಪಾದವನ್ನು ಗಾಳಿಗೆ ಬಿಟ್ಟುಕೊಂಡು ಹುಲ್ಲಿನ ಮೇಲೆ ಮಲಗಿರುತ್ತಾರೆ. ಪಾರ್ಶ್ವವಾಯು ಬಡಿದ ನಾಗಯ್ಯ ಒಂದು ಕಾಲೆಳೆದುಕೊಂಡು ನಾನು ಎಂಟು ಸುತ್ತು ಮುಗಿಸುವಷ್ಟರಲ್ಲಿ ಎರಡು ಸುತ್ತು ನಡೆಯುತ್ತಾನೆ. ಯಾರೂ ಯಾರ ಕಾಲನ್ನೂ ನೋಡುವುದಿಲ್ಲ ರಂಜನಿ. ಈ ದಾರಿಯಲ್ಲಿ ನೀನೂ ಒಬ್ಬಳಾಗಿ ನಡೆದಿದ್ದರೆ, ನಿನ್ನ ಎಡಗಾಲು ಒಂದಂಗುಲ ಗಿಡ್ಡ ಎಂದು ಯಾರು ಅಳೆಯುತ್ತಿದ್ದರು?

ಭಾನುವಾರ ಬಂತೆಂದರೆ ಹೆಣ್ಣು ನೋಡುವವರು. ಗೇಟು ಕಾಯುವ ಪುಟ್ಟಸಿದ್ದಯ್ಯ ದೂರದಿಂದಲೇ ಗುರುತು ಹಿಡಿಯುತ್ತಾನೆ. "ಅಗೋ ಬೆಂಚಲ್ ಕುಂತವ್ರಲ್ಲ, ಅವ್ರು ಎಣ್ಣಿನೋರು. ಮೈಸೂರ್ ಪಾಕ್ ಡಬ್ಬ ತಕಂಡ್ ಬತ್ತಾವ್ರಲ್ಲ, ಅವ್ರು ಗಂಡಿನೋರು" ಎನ್ನುತ್ತಾನೆ. ಎರಡು ಕಡೆಯವರೂ ಅಕಸ್ಮಾತ್ ಸಿಕ್ಕವರ ಹಾಗೆ, "ಓ, ನೀವೂ ಇಲ್ಲೇ ಬಂದಿದ್ರಾ" ಎನ್ನುವುದನ್ನು ದೂರದಿಂದ ನೋಡಿದರೆ ನಗು ಬರುತ್ತದೆ. ಮನೆಗೆ ಬಂದು ನೋಡಿ ಬೇಡವೆಂದರೆ ಬೀದಿಗೆಲ್ಲ ಸುದ್ದಿ. ಪಾರ್ಕಿನಲ್ಲಾದರೆ ಗಾಳಿಗೆ ಬಂದಿದ್ದೆವು, ಎದ್ದು ಹೋದೆವು, ಅಷ್ಟೇ. ಜನ ಪಾರ್ಕಿಗೆ ಬರುವುದು ಈ ಕಾರಣಕ್ಕೆ.

ನಾನೂ ಎಲ್ಲರಿಗೂ ಇದೇ ಕಾರಣ ಹೇಳಿದೆ. ಆದರೆ ನನ್ನ ಕಾರಣ ಬೇರೆ ಇತ್ತು. ಮನೆಯಲ್ಲಾದರೆ ಹುಡುಗಿ ಕಾಫಿ ತಟ್ಟೆ ಹಿಡಿದು ಒಳಗಿನಿಂದ ನಡೆದು ಬರಬೇಕು. ಪಾರ್ಕಿನಲ್ಲಾದರೆ ಮೊದಲೇ ಕೂತಿರಬಹುದು. ಅವರು ಹನ್ನೊಂದಕ್ಕೆ ಬರುತ್ತಾರೆಂದರೆ ನಿನ್ನನ್ನು ಒಂಬತ್ತೂವರೆಗೇ ಕರೆತಂದು ಕೂರಿಸುತ್ತಿದ್ದೆ. ರೇಷ್ಮೆ ಸೀರೆಯ ನೆರಿಗೆಯನ್ನು ಪಾದ ಮುಚ್ಚುವ ಹಾಗೆ ಹರಡುತ್ತಿದ್ದೆ. ಅವರು ಎದ್ದು ಹೋಗಿ, ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಿನ್ನನ್ನು ಎಬ್ಬಿಸುತ್ತಿದ್ದೆ. ಒಪ್ಪಿಕೊಂಡ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ನನ್ನ ಲೆಕ್ಕಾಚಾರ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಬಂಗಾರದಂಥ ಮಗಳನ್ನು ನೆರಿಗೆಯಲ್ಲಿ ಮುಚ್ಚಿಟ್ಟವಳು. ಎರಡು ವರ್ಷದ ಕೂಸಾಗಿದ್ದಾಗ ಮುಳ್ಳೂರಿನ ಜಗುಲಿಯಿಂದ ಬಿದ್ದೆ, ಮುರಿದ ಮೂಳೆ ಗಿಡ್ಡವಾಗಿ ಕೂಡಿಕೊಂಡಿತು, ಅದರಲ್ಲಿ ನಿನ್ನ ತಪ್ಪೇನಿತ್ತು? ಅದೇ ಕಾಲಲ್ಲಿ ನೀನು ಖೋಖೋ ಆಡಿದೆ, ಸ್ಕೂಟರ್ ಕಲಿತೆ, ಈಗ ಲ್ಯಾಬಿನಲ್ಲಿ ದಿನವೆಲ್ಲ ನಿಂತು ಕೆಲಸ ಮಾಡುತ್ತೀಯ.

ಜುಲೈನಲ್ಲಿ ಒಂಬತ್ತನೇ ಸಲ ಅವರೆಲ್ಲ ಎದುರಿಗೆ ಕೂತಿರುವಾಗ ನೀನು ಎದ್ದೆ. ಯಾರಿಗೂ ಏನೂ ಹೇಳದೆ ಬೆಂಚಿನಿಂದ ನಲ್ಲಿಯವರೆಗೆ ನಡೆದೆ, ನಲ್ಲಿ ತಿರುಗಿಸಿದೆ, ನಡೆದುಕೊಂಡೇ ಬಂದು ಕೂತೆ. ಹುಡುಗನ ತಾಯಿ ಬ್ಯಾಗು ಎತ್ತಿಕೊಂಡರು. ಅವರು ಹೋದ ಮೇಲೆ, "ನನ್ ಮರ್ವಾದೆನೆಲ್ಲ ಮಣ್ಪಾಲ್ ಮಾಡ್ಬುಟ್ಟೆ" ಎಂದು ಅಷ್ಟು ಜನರ ನಡುವೆ ನಾನು ಕೂಗಾಡಿದೆ. ನೀನು ಕೂಗಲಿಲ್ಲ. "ಅವ್ವ, ನಾನ್ ಕುಂಟಿ ಅಂತ ನಂಗ್ಯಾವತ್ತೂ ಅನ್ಸಿರ್ನಿಲ್ಲ. ಈ ಬೆಂಚಲ್ ಕುಂತ್ಮೇಲೇ ಅನ್ಸಿದ್ದು" ಎಂದೆ. ಆ ವಾರವೇ ರೂಮು ನೋಡಿದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂಡ ಆಗದ ಊರು. ನೀನಾಗಿ ಕರೆಯುವವರೆಗೂ ನಾನು ಬರಬಾರದು ಎಂದೆಯಲ್ಲ, ಆ ಮಾತಿಗೆ ಕಟ್ಟುಬಿದ್ದು ಇಲ್ಲೇ ಕೂತಿದ್ದೇನೆ.

ಅವತ್ತು ನಿನಗೆ ಬಾಯಾರಿತ್ತು ಎಂದೇ ಮೊನ್ನೆಯವರೆಗೂ ತಿಳಿದಿದ್ದೆ. ಪುಟ್ಟಸಿದ್ದಯ್ಯ ಹೇಳಿದ, "ಆ ನಲ್ಲೀಲಿ ಬೇಸ್ಗೆಯಿಂದ್ಲೂ ತೊಟ್ ನೀರ್ ಬತ್ತಿರ್ನಿಲ್ಲ ಕಣವ್ವ. ಅದ್ಕೂ ಮುಂಚ್ಲ ಸಲ ಬಂದಿದ್ರಲ್ಲ, ಆಗ್ಲೇ ನಾನ್ ಆ ಕೂಸ್ಗೆ ಏಳಿದ್ದೆ. ಅದ್ಕೆ ಗೊತ್ತಿತ್ತು." ನೀರಿಲ್ಲವೆಂದು ಗೊತ್ತಿದ್ದೂ ಹೋದೆ. ಹಾಗಾದರೆ ನೀನು ಎದ್ದದ್ದು ನೀರಿಗಲ್ಲ.

ನಿನ್ನೆ ಪ್ಲಂಬರ್ ಸ್ವಾಮಿಯನ್ನು ಹಿಡಿದುಕೊಂಡು ಹೋಗಿ ಆ ನಲ್ಲಿ ಬಿಚ್ಚಿಸಿದೆ. "ಇದು ನಮ್ ಕೆಲ್ಸ ಅಲ್ಲ ಕಣಕ್ಕ, ಅರ್ಜಿ ಕೊಡಿ" ಎಂದ. ಅರ್ಜಿ ಆಮೇಲೆ, ಮೊದಲು ಪಾನಾ ಹಿಡಿ ಎಂದೆ. ತುಕ್ಕು ಹಿಡಿದ ಪೈಪು ಬದಲಾಯಿಸಬೇಕಂತೆ, ಶನಿವಾರದೊಳಗೆ ಮಾಡಿಕೊಡುತ್ತಾನೆ. ಮಾಡಿಸಿಯೇ ತೀರುತ್ತೇನೆ.

ಭಾನುವಾರ ಆ ಸತ್ತೇಗಾಲದವರನ್ನು ನೋಡಲು ನಾನು ಹೋಗುತ್ತೇನೆ. ನಾನೊಬ್ಬಳೇ. ಏನು ಹೇಳಬೇಕೆಂದು ತೀರ್ಮಾನಿಸಿದ್ದೇನೆ. ಬೆಳಿಗ್ಗೆ ಎರಡು ಬಾದಾಮಿ ನೆನೆಸಿ ತಿನ್ನು.

ನಿನ್ನ ಒಳಿತನ್ನೇ ಬೇಡುವ,
ಅವ್ವ


ಕೊಳ್ಳೇಗಾಲ
ಕಡೇ ಕಾರ್ತಿಕ ಸೋಮವಾರ, 17-11-2025

ನನ್ನ ರಂಜನಿಗೆ,

ಶನಿವಾರ ಸಾಯಂಕಾಲ ನಿನ್ನ ಮೆಸೇಜು ಬಂತು. ಒಂದೇ ಪದ, "ಓದಿದೆ". ನಿಮ್ಮಪ್ಪನಿಗೆ ತೋರಿಸಿದೆ, ಕನ್ನಡಕ ಹಾಕಿಕೊಂಡು ಒಂದು ಪದವನ್ನು ಐದು ನಿಮಿಷ ಓದಿದರು. ನಿನಗೆ ಮಾವನ ಫೋನೂ ಬಂದಿತ್ತಂತೆ, "ಅವ್ವನಿಗೆ ಕೊಡಿ, ಅವಳ ಬಾಯಲ್ಲೇ ಕೇಳ್ತೀನಿ" ಎಂದೆಯಂತೆ. ಸರಿಯಾಗಿ ಮಾಡಿದೆ. ಈಗ ನಿನ್ನೆಯ ವಿಷಯ ಪೂರ್ತಿ ಬರೆಯುತ್ತೇನೆ, ಇನ್ನೊಬ್ಬರ ಬಾಯಿಂದ ಕೇಳುವುದು ಬೇಡ.

ಹನ್ನೊಂದಕ್ಕೆ ಅವರು ಬರುವುದು. ಅಭ್ಯಾಸ ಬಲ ನೋಡು, ಕೂರಿಸಲು ಮಗಳಿಲ್ಲದಿದ್ದರೂ ಒಂಬತ್ತೂವರೆಗೇ ಹೋದೆ. ಹೋದರೆ ನಮ್ಮ ಬೆಂಚಿನ ಮೇಲೆ ಆಗಲೇ ಯಾರೋ ಕೂತಿದ್ದಾರೆ! ನನ್ನ ವಾರಗೆಯ ಒಬ್ಬ ಹೆಂಗಸು, ಪಕ್ಕದಲ್ಲಿ ಮೂವತ್ತು ದಾಟಿದ ಒಬ್ಬ ಹುಡುಗ, ಇಸ್ತ್ರಿ ಮುರಿಯದ ಬಿಳೀ ಶರ್ಟು. ಆ ತಾಯಿ ಅವನನ್ನು ಬೆಂಚಿನ ಈ ತುದಿಗೆ ಕೂರಿಸಿ ನೋಡುವುದು, ಎದ್ದು ನಿಂತು ಗೇಟಿನ ಕಡೆ ನೋಡುವುದು, ಮತ್ತೆ ಆ ತುದಿಗೆ ಸರಿಸುವುದು. ಈ ವಿದ್ಯೆ ನನಗೆ ಗೊತ್ತಿಲ್ಲದ್ದೇ? ಯಾವ ತುದಿಯಲ್ಲಿ ಕೂರಿಸಿದರೆ ಏನು ಕಾಣುವುದಿಲ್ಲ ಎಂದು ಅಳೆಯುವ ಕಣ್ಣು ಅದು. ಆಮೇಲೆ ಗೊತ್ತಾಯಿತು, ಅವರೇ ಸತ್ತೇಗಾಲದವರು. ತಾಯಿ ದೊಡ್ಡಬಸಮ್ಮ, ಮಗ ಮಲ್ಲಿಕಾರ್ಜುನಸ್ವಾಮಿ.

ನಾನು ಹೋಗಿ ಖಾಲಿ ಇದ್ದ ಕಡೆ, ಅವನ ಬಲಗಡೆ ಕೂತೆ. "ಯಾವೂರಪ್ಪ?" ಎಂದೆ. ಅವನು ನೆಟ್ಟಗೆ ಗೇಟನ್ನೇ ನೋಡುತ್ತಿದ್ದ. ತಾಯಿ ಆ ಕಡೆಯಿಂದ ಬಗ್ಗಿ, "ಸತ್ತೇಗಾಲ ಕಣ್ರಿ" ಎಂದು ಗಬಕ್ಕನೆ ಉತ್ತರ ಕೊಟ್ಟರು. ಇನ್ನೊಂದು ಮಾತು ಕೇಳಿದೆ, ಅದಕ್ಕೂ ಅವರೇ. ಹುಡುಗನಿಗೆ ಬಲಗಿವಿ ಕೇಳುವುದಿಲ್ಲ. ಹೆಣ್ಣಿನವರು ಎಡಗಡೆಯೇ ಕೂರುವ ಹಾಗೆ ಜಾಗ ಹಿಡಿಯಲು ಆ ತಾಯಿ ನಮಗಿಂತ ಮುಂಚೆ ಬಂದಿದ್ದರು.

ಒಂದು ಕ್ಷಣ ನಾನು ಸುಮ್ಮನೆ ಎದ್ದು ಹೋಗಬಹುದಾಗಿತ್ತು. ಅವರ ಗುಟ್ಟು ನನಗೆ ಸಿಕ್ಕಿತ್ತು, ನಮ್ಮ ಗುಟ್ಟು ಅವರಿಗೆ ಸಿಕ್ಕಿರಲಿಲ್ಲ. ಕೆಟ್ಟ ಮನಸ್ಸು, ಅದೂ ಹೊಳೆಯಿತು. ಆದರೆ ಹೇಳಬೇಕೆಂದು ಬಂದದ್ದನ್ನು ಹೇಳಿದೆ. "ನೀವ್ ನೋಡಕ್ ಬಂದಿರೋ ಎಣ್ಣಿನ ತಾಯಿ ನಾನು. ನನ್ ಮಗಳು ಬರಾಕಿಲ್ಲ, ನಾನೂ ಕರ್ದಿಲ್ಲ. ಅವಳ್ ಎಡಗಾಲು ಒಂದಂಗ್ಲ ಗಿಡ್ಡ. ಒಂಬತ್ ಸಲ ಅವಳ್ನ ಇದೇ ಬೆಂಚಲ್ಲಿ ಮುಂಚ್ಲೇ ತಂದ್ ಕೂರ್ಸಿ ಆ ಕಾಲ್ನ ಮುಚ್ಚಿಟ್ಟೆ. ಇನ್ ಮುಚ್ಚಕಿಲ್ಲ. ಅವಳ್ನ ಎಲ್ಲೂ ಕೂರ್ಸದೂ ಇಲ್ಲ" ಎಂದೆ. ಬಾಯಲ್ಲಿ ನೀರಾರಿತ್ತು. ಅಂದು ಮುಗಿಸಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ದೊಡ್ಡಬಸಮ್ಮ ಸೆರಗಿನ ಅಂಚು ಮಡಿಸಿದರು. ಆಮೇಲೆ, "ನಮ್ದೂ ಒಂದದೆ ಕಣಕ್ಕ" ಎಂದರು. ಅವರು ಮುಂದಕ್ಕೆ ಹೇಳುವಷ್ಟರಲ್ಲಿ ಹುಡುಗನೇ ಎದ್ದ, ನನ್ನನ್ನು ಸುತ್ತಿಕೊಂಡು ಬಂದು ಈ ಪಕ್ಕಕ್ಕೆ ಕೂತ. "ಈಗ ಏಳಿ ಅಮ್ಮಾ, ಈ ಕಿವಿ ಕೇಳುಸ್ತದೆ. ಆ ಕಡೆಯಿಂದ ನೀವ್ ಏನೋ ಕಾಲು ಅಂದ್ರಿ, ಅಷ್ಟೇ ಗೊತ್ತಾದದ್ದು" ಎಂದ. ಮತ್ತೆ ಮೊದಲಿಂದ ಹೇಳಿದೆ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಅವನು ಪೂರ್ತಿ ಕೇಳಿ, "ನನ್ನೂ ಆರ್ ಕಡೆ ಕೂರ್ಸವ್ರೆ ಅಮ್ಮಾ. ಬರೇ ನಗ್ತಾ ಇರು, ಎದ್ದೇಳ್ಬ್ಯಾಡ ಅಂತಾರೆ. ಅವ್ರು ಏನೋ ಕೇಳ್ತಾರೆ, ನಾನ್ ನಗ್ತೀನಿ. ಗಂಡು ಪೆದ್ದು ಅಂತ ಎದ್ದೋಯ್ತಾರೆ" ಎಂದ. ದೊಡ್ಡಬಸಮ್ಮ ಅವನ ತೋಳಿಗೆ ಒಂದು ಏಟು ಕೊಟ್ಟು ತಾವೂ ನಕ್ಕರು. ಗೋವಿಂದಯ್ಯನವರ ಗುಂಪಿನಲ್ಲೂ ನಾನು ಹಾಗೆ ನಕ್ಕಿರಲಿಲ್ಲ. ಮೂವರೂ ಅವರ ಡಬ್ಬದ ಮೈಸೂರು ಪಾಕು ತಿಂದೆವು. ನನಗೆ ಸಕ್ಕರೆ ಇದೆ, ಬೈಯಬೇಡ, ಅರ್ಧವೇ ತಿಂದದ್ದು.

ಈ ಹುಡುಗನನ್ನು ನಿನಗೆ ಗಂಟು ಹಾಕಲು ಈ ಕತೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನ ನಂಬರು ಕೊಟ್ಟಿಲ್ಲ, ಅವನೂ ಕೇಳಲಿಲ್ಲ. ನಿನಗೆ ಯಾವಾಗ ಬೇಕು, ಯಾರು ಬೇಕು, ಬೇಕೋ ಬೇಡವೋ, ಎಲ್ಲ ನೀನೇ ನೋಡಿಕೊಳ್ಳುವವಳು. ಇದು ನಿನ್ನನ್ನು ಮನೆಗೆ ಕರೆಸಿಕೊಳ್ಳಲು ಹೇಳುವ ಮಾತಲ್ಲ. ನೀನು ಇನ್ನು ಹತ್ತು ವರ್ಷ ಬರದಿದ್ದರೂ ಇದರಲ್ಲಿ ಬದಲಾವಣೆ ಇಲ್ಲ.

ಹನ್ನೊಂದು ಗಂಟೆಗೆ ಸರಿಯಾಗಿ ನಿನ್ನ ಮಾವ ಹೊಸ ಪಂಚೆ ಉಟ್ಟು ಬಂದ. ಬಂದು ನೋಡಿದರೆ ಹುಡುಗಿ ಇಲ್ಲ, ಗಂಡಿನವರು ಬಸ್ಸಿಗೆ ಹೊರಟಿದ್ದಾರೆ, ಅಕ್ಕ ಬೆಂಚಿನ ಮೇಲೆ ಕೂತು ಬೆರಳು ನೆಕ್ಕುತ್ತಿದ್ದಾಳೆ. "ಇನ್ಮೇಲೆ ನಿನ್ ಮಗಳ್ ಇಸ್ಯಕ್ಕೆ ನಾನ್ ಬರಾಕಿಲ್ಲ ಕಣಕ್ಕ" ಎಂದು ಪಂಚೆ ಎತ್ತಿ ಕಟ್ಟಿದ. "ಬರಬ್ಯಾಡ ಕಣ್ಲಾ. ಮಧ್ಯಾಹ್ನ ಊಟಕ್ ಬಾ, ಅವರೆಕಾಳ್ ಸಾರು" ಎಂದೆ. ಬಂದು ಉಂಡ. ಎರಡು ಸಲ ಸಾರು ಹಾಕಿಸಿಕೊಂಡ. ಅವನೂ ಕೆಟ್ಟವನಲ್ಲ ರಂಜನಿ, ನಾನು ಹಾಕಿಕೊಟ್ಟ ದಾರಿಯಲ್ಲಿ ನಡೆದವನು.

ನಿನಗೆ ಮನಸ್ಸಾದರೆ ಒಂದು ಭಾನುವಾರ ಬೆಳಿಗ್ಗೆ ಬಾ. ಸೀರೆ ಬೇಡ, ಲ್ಯಾಬಿಗೆ ಹಾಕಿಕೊಳ್ಳುವ ಚೂಡಿದಾರದಲ್ಲೇ ಬಾ. ಇಬ್ಬರೂ ಎಡಗಡೆಯಿಂದ ಒಂದು ಸುತ್ತು ನಡೆಯೋಣ. ನಿನ್ನ ನಡಿಗೆಗೆ ನಾನು ಹೊಂದಿಕೊಳ್ಳುತ್ತೇನೆ. ಬರಲು ಆಗದಿದ್ದರೆ, ನಾನು ಬರಬಹುದು ಎಂದು ಒಂದು ಪದ ಕಳಿಸು, ಮುಂದಿನ ಬಸ್ಸಿಗೆ ಹತ್ತುತ್ತೇನೆ. ಎರಡೂ ಆಗದಿದ್ದರೂ ನಾನು ದಿನಾ ನಡೆಯುತ್ತಿರುತ್ತೇನೆ.

ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಹೆಜ್ಜೆ ಎಲ್ಲಿ ಬಿದ್ದರೂ ಅಲ್ಲಿ ನೆಲ ಗಟ್ಟಿಯಾಗಿರಲಿ.

ನಿನ್ನ,
ಅವ್ವ (ಚನ್ನಾಜಮ್ಮ)

ಮರೆತ ಮಾತು: ಮರೆತದ್ದಲ್ಲ, ಎರಡು ಕಾಗದ ಪೂರ್ತಿ ಇದನ್ನು ಬರೆಯದೆ ತಪ್ಪಿಸಿಕೊಂಡೆ. ಹಾಲಿನಲ್ಲಿ ಟಿ.ವಿ. ಮೇಲಿದ್ದ ಫೋಟೋವನ್ನು ಇವತ್ತು ತೆಗೆದಿಟ್ಟೆ. ನಾವಿಬ್ಬರೂ ಬೆಂಚಿನಲ್ಲಿ ಕೂತಿದ್ದೇವೆ, ನಿನ್ನ ಮಂಡಿಯ ಮೇಲೆ ನನ್ನ ಕೈ ಇದೆ, ಮಾವ ಮೊಬೈಲಿನಲ್ಲಿ ತೆಗೆದದ್ದು. ತಾಯಿ ಮಗಳೆಂದರೆ ಹೀಗಿರಬೇಕು ಎಂದು ಬಂದವರೆಲ್ಲ ಅಂದರು, ನಾನೂ ಹೂಂ ಎಂದು ಕಟ್ಟು ಹಾಕಿಸಿ ತೂಗುಹಾಕಿದೆ. ಅದು ಏಳನೇ ಸಲದ್ದು. ಸುಡುಬೇಸಿಗೆ, ಅವರು ಎರಡೂವರೆ ಗಂಟೆ ತಡ, ತಂದಿದ್ದ ಬಾಟಲಿ ಖಾಲಿ. ಆಗಿನ್ನೂ ನಲ್ಲಿ ಕೆಟ್ಟಿರಲಿಲ್ಲ, ನೀರು ಬರುತ್ತಿತ್ತು. "ಅವ್ವ, ಬಾಯಾರ್ತದೆ, ನೀರ್ ಕುಡ್ಕ ಬತ್ತೀನಿ" ಎಂದು ನೀನು ಎರಡು ಸಲ ಏಳಲು ನೋಡಿದೆ. ಎರಡನೇ ಸಲ ಅವರ ಕಾರು ಗೇಟಿಗೆ ಬಂದಿತ್ತು. ಆ ಕೈ ಪ್ರೀತಿಗೆ ಇಟ್ಟದ್ದಲ್ಲ ಮಗಳೇ. ನೀನು ಏಳದ ಹಾಗೆ ಬಲವಾಗಿ ಒತ್ತಿ ಹಿಡಿದದ್ದು. ನಿನ್ನ ಮಂಡಿ ನನ್ನ ಅಂಗೈಯನ್ನು ಮೇಲಕ್ಕೆ ತಳ್ಳಿದ್ದು ನನಗೆ ಈಗಲೂ ಗೊತ್ತಾಗುತ್ತದೆ. ನೀನು ಅದನ್ನು ಮರೆತಿಲ್ಲ ಎಂದು ನನಗೆ ಗೊತ್ತು, ನಾನೂ ಮರೆತಿಲ್ಲ ಎಂದು ನಿನಗೆ ಗೊತ್ತಿರಲಿ.

ಪ್ಲಂಬರ್ ಸ್ವಾಮಿ ಹೇಳಿದಂತೆ ಶನಿವಾರ ನಲ್ಲಿ ಸರಿಮಾಡಿದ. ಓದುವ ಹುಡುಗಿಯರು, ನಾಗಯ್ಯ, ಬೆಟ್ಟಕ್ಕೆ ಹೋಗುವವರು ಎಲ್ಲ ಕುಡಿಯುತ್ತಿದ್ದಾರೆ. ನಾನು ಇನ್ನೂ ಕುಡಿದಿಲ್ಲ.